ಮೊದಲು ಅಲ್ಲಿ ವಾಸಿಸಿ, ಆಮೇಲೆ ಮನೆ ಹುಡುಕಿ

ಜರ್ಮನಿಯಲ್ಲಿ ಕೆಲಸ ಸಿಕ್ಕಿತು ಎಂದು ಸಿಹಿ ಹಂಚುವ ಮೊದಲು ಒಂದು ಪ್ರಿಂಟರ್ ಕೊಂಡುಕೊಳ್ಳಿ. ನೀವು ಓದಿದ ವಿಶ್ವವಿದ್ಯಾಲಯ ಅಸಲಿಯೋ ನಕಲಿಯೋ ಎಂಬ ಮಾಹಿತಿ ಜರ್ಮನಿಯದೇ ಆದ ‘ಅನಾಬಿನ್’ ಜಾಲತಾಣದಲ್ಲಿದೆ. ಹೆಸರಿನ ಎದುರು ‘ಎಚ್ ಪ್ಲಸ್’ ಅಂತಿದ್ದರೆ ಬಚಾವ್. ಆ ಪುಟವನ್ನು ಮುದ್ರಿಸಿ, 75 ಯೂರೋ ಶುಲ್ಕದ ವೀಸಾ ಅರ್ಜಿಗೆ ಲಗತ್ತಿಸಬೇಕು. ಜರ್ಮನಿಗೆ ಗೊತ್ತಿರುವುದನ್ನು ಜರ್ಮನಿಗೇ ತಿಳಿಸುವ ಈ ಸೇವೆಗೆ ಇಂಕಿನ ಖರ್ಚು ಅರ್ಜಿದಾರರದು.

ಇದೆಲ್ಲ ಬರೀ ನಾಂದಿ. ಆಟ ಶುರುವಾಗುವುದು ವಿಮಾನ ಇಳಿದ ಮೇಲೆ.

ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಣಿ, ಅಂದರೆ ‘ಆನ್‌ಮೆಲ್ಡುಂಗ್’, ಮಾಡಿಸಬೇಕು ಎಂದು ಕಾನೂನು ಹೇಳುತ್ತದೆ. ತಪ್ಪಿದರೆ 1,000 ಯೂರೋವರೆಗೆ ದಂಡ. ಸರಿ, ಬರ್ಲಿನ್‌ನ ಪೌರ ಕಚೇರಿಯ ಅಪಾಯಿಂಟ್‌ಮೆಂಟ್ ಪುಟ ತೆರೆಯಿರಿ. ಎಷ್ಟೋ ಸಲ ಎರಡು ವಾರದೊಳಗಿನ ಒಂದು ದಿನವೂ ಅಲ್ಲಿ ಖಾಲಿ ಇರುವುದಿಲ್ಲ. ಅವಧಿ ಗೊತ್ತುಮಾಡಿದ್ದೂ ಸರ್ಕಾರ, ಬಾಗಿಲು ಹಾಕಿಕೊಂಡದ್ದೂ ಸರ್ಕಾರ, ತಡ ಮಾತ್ರ ನಿಮ್ಮದು. ಬುಕ್ ಮಾಡಿದ ದಿನಾಂಕದ ಇಮೇಲ್ ಜೋಪಾನವಾಗಿಡಿ, ದಂಡದ ಮಾತು ಬಂದರೆ ಅದೇ ಸಾಕ್ಷಿ. ಬೆಳಗ್ಗೆ ಬೇಗ ಪುಟವನ್ನು ಮತ್ತೆ ಮತ್ತೆ ತೆರೆದು ನೋಡಿದರೆ ಯಾರೋ ರದ್ದು ಮಾಡಿದ ಸಮಯ ಕೈಗೆ ಹತ್ತುವುದುಂಟು. ಬರ್ಲಿನ್‌ನಲ್ಲಾದರೆ ನಗರದ ಯಾವ ಬಡಾವಣೆಯ ಕಚೇರಿಗೆ ಹೋದರೂ ನಡೆಯುತ್ತದೆ.

ನೋಂದಣಿಗೆ ಪಾಸ್‌ಪೋರ್ಟ್ ಮತ್ತು ಬಾಡಿಗೆ ಕರಾರು ಸಾಲದು. ‘ಇವರು ನಮ್ಮ ಮನೆಗೆ ಬಂದಿರುವುದು ನಿಜ’ ಎಂದು ಮಾಲೀಕರು ಸಹಿ ಹಾಕಿದ ಪತ್ರ ಬೇಕು. ಸಹಿ ಹಾಕಲು ಮಾಲೀಕರು ಮೊದಲು ಮನೆ ಕೊಡಬೇಕು. ಮನೆ ಕೊಡಲು ಅವರಿಗೆ ಮೂರು ತಿಂಗಳ ಸಂಬಳದ ಚೀಟಿ ಬೇಕು, ಸಾಲ ತೀರಿಸುವ ಯೋಗ್ಯತೆ ಹೇಳುವ ‘ಶುಫಾ’ ವರದಿ ಬೇಕು. ಸಂಬಳ ಬರಲು ಬ್ಯಾಂಕ್ ಖಾತೆ ಬೇಕು. ಎಷ್ಟೋ ಹಳೆಯ ಬ್ಯಾಂಕುಗಳು ಖಾತೆಗೆ ಮೊದಲು ಕೇಳುವುದು ಅದೇ ನೋಂದಣಿ ಪತ್ರವನ್ನು! ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಜೀವಮಾನದಲ್ಲಿ ಒಂದು ಪೈಸೆ ಸಾಲ ಮಾಡದೆ ಆಗಷ್ಟೇ ಬಂದಿಳಿದವರ ಬಗ್ಗೆ ಶುಫಾ ಸಂಸ್ಥೆಗೆ ಏನೂ ತಿಳಿದಿರುವುದಿಲ್ಲ. ಹಾಗಾಗಿ ಅಂಥವರ ಮೇಲೇ ಅನುಮಾನ.

ಈ ಸುಳಿಯಿಂದ ಹೊರಬರುವ ದಾರಿ ಇದೆ, ಅಗ್ಗದ್ದಲ್ಲ ಅಷ್ಟೆ. ಮೊದಲ ಎರಡು ಮೂರು ತಿಂಗಳು ಪೀಠೋಪಕರಣ ಸಮೇತದ ತಾತ್ಕಾಲಿಕ ಮನೆ ಹಿಡಿಯಿರಿ, ಆದರೆ ‘ನೋಂದಣಿಗೆ ಒಪ್ಪಿಗೆ ಇದೆಯೇ’ ಎಂದು ಹಣ ಕಟ್ಟುವ ಮುಂಚೆಯೇ ಲಿಖಿತವಾಗಿ ಕೇಳಿ. ನೋಂದಣಿ ಇಲ್ಲ ಎಂಬ ಷರತ್ತಿನ ಕೋಣೆಗಳೂ ಧಾರಾಳ: ಅಲ್ಲಿ ನೀವು ಉಣ್ಣಬಹುದು, ಮಲಗಬಹುದು, ಇರುವಂತಿಲ್ಲ. ಬರೀ ವಿಳಾಸ ಮಾರುವವರ ಸಹವಾಸ ಬೇಡ, ವಾಸವಿಲ್ಲದ ವಿಳಾಸ ಒದಗಿಸುವುದಕ್ಕೆ 50,000 ಯೂರೋವರೆಗೂ ದಂಡವಿದೆ. ಸಂಬಳದ ಚೀಟಿಯ ಬದಲು ಉದ್ಯೋಗ ಕರಾರು ಒಪ್ಪುವ ಮಾಲೀಕರು ಸಿಗುತ್ತಾರೆ. ಪಾಸ್‌ಪೋರ್ಟ್ ನೋಡಿ ಖಾತೆ ತೆರೆಯುವ ಆನ್‌ಲೈನ್ ಬ್ಯಾಂಕುಗಳೂ ಇವೆ.

ನೋಂದಣಿಯಾಯಿತೇ? ಈಗ 11 ಅಂಕಿಯ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಬರಬೇಕು. ಅಲ್ಲಿನ ವಿಳಾಸದಲ್ಲಿ ಸಾಮಾನ್ಯವಾಗಿ ಫ್ಲ್ಯಾಟ್ ನಂಬರ್ ಇರುವುದಿಲ್ಲ. ಅಂಚೆಯವನಿಗೆ ದಿಕ್ಕು ತೋರುವುದು ಡಬ್ಬಿಯ ಮೇಲಿನ ಹೆಸರು ಮಾತ್ರ. ಡಬ್ಬಿಯ ಮೇಲೆ ನಿಮ್ಮ ಹೆಸರಿಲ್ಲವೆಂದರೆ ಲಕೋಟೆ ಬಂದ ದಾರಿಗೆ ಸುಂಕವಿಲ್ಲ. ಆದ್ದರಿಂದ ಬೀಗದ ಕೈ ಸಿಕ್ಕ ದಿನವೇ ಚೀಟಿ ಅಂಟಿಸಿ. ಬೇರೆಯವರ ಮನೆಯಲ್ಲಿದ್ದರೆ ನೋಂದಣಿಯ ವೇಳೆಯೇ ‘ಕೇರ್ ಆಫ್’ ಬರೆಸಿ. ಪತ್ರ ಕಳೆದುಹೋಗಿದೆ ಎಂದು ಆನ್‌ಲೈನಿನಲ್ಲಿ ಮನವಿ ಕೊಟ್ಟರೆ ಸಂಖ್ಯೆಯನ್ನು ಮತ್ತೆ ಕಳಿಸುತ್ತಾರೆ. ಹೇಗೆ? ಅದೇ ಡಬ್ಬಿಗೆ, ಅಂಚೆಯಲ್ಲೇ. ಇಮೇಲ್ ಮಾಡಿದರೆ ಗೌಪ್ಯತೆಗೆ ಧಕ್ಕೆಯಂತೆ. ಸಂಖ್ಯೆ ಕೊಡದೆ ಕೂತರೆ ಕಂಪನಿ ನಿಮ್ಮನ್ನು ಆರನೇ ತೆರಿಗೆ ದರ್ಜೆಗೆ ತಳ್ಳುತ್ತದೆ, ಅಲ್ಲಿ ವಿನಾಯಿತಿಗಳೆಲ್ಲ ಮಾಯ. ಹೆಚ್ಚು ಹಿಡಿದದ್ದು ಮುಂದೆ ವಾಪಸ್ ಸಿಗುತ್ತದೆ. ಬಾಡಿಗೆ ಕೇಳುವವರು ಅಲ್ಲಿಯವರೆಗೆ ಕಾಯುವುದಿಲ್ಲ.

ನೋಂದಣಿ ಅರ್ಜಿಯಲ್ಲಿ ಧರ್ಮದ ಕಾಲಮ್ ಇದೆ, ಎಚ್ಚರಿಕೆಯಿಂದ ತುಂಬಿ. ಮಂಗಳೂರಿನ ಕ್ಯಾಥೊಲಿಕ್ಕರು ಭಕ್ತಿಯಿಂದ ಇದ್ದದ್ದನ್ನು ಇದ್ದಂತೆ ಬರೆದರೆ ಆದಾಯ ತೆರಿಗೆಯ ಮೇಲೆ ಮತ್ತೆ ಅದರ ಶೇ. 9 ಚರ್ಚ್ ತೆರಿಗೆ. ಬವೇರಿಯಾ ಮತ್ತು ಬಾಡೆನ್-ವುರ್ಟೆಂಬರ್ಗ್‌ಗಳಲ್ಲಿ ದೇವರು ಶೇ. 8ಕ್ಕೇ ತೃಪ್ತ. ಉಡುಪಿ ಕೃಷ್ಣನಿಗೆ ಈ ವಸೂಲಿ ಸೌಲಭ್ಯವಿಲ್ಲ.

ಕೊನೆಗೂ ಕಾಯಂ ಮನೆ ಸಿಕ್ಕಿತೆನ್ನಿ. ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಪಳಗಿದ ಬೆಂಗಳೂರಿನವರಿಗೆ ಠೇವಣಿ ನೋಡಿ ಖುಷಿಯಾಗುತ್ತದೆ. ಬಿಸಿ ನೀರು, ಹೀಟರ್ ಇತ್ಯಾದಿ ಖರ್ಚು ಬಿಟ್ಟು ಬರೀ ಬಾಡಿಗೆಯ ಮೂರು ಪಟ್ಟು, ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ. ಮೂರು ಕಂತಿನಲ್ಲೂ ಕಟ್ಟಬಹುದು. ಆಮೇಲೆ ಅಡುಗೆಮನೆಗೆ ಕಾಲಿಟ್ಟರೆ ಕಟ್ಟೆಯಿಲ್ಲ, ಒಲೆಯಿಲ್ಲ, ಸಿಂಕಿಲ್ಲ, ಬಲ್ಬಿನ ಜಾಗದಲ್ಲಿ ಎರಡು ತಂತಿ. ಹಿಂದಿನ ಬಾಡಿಗೆದಾರರು ಎಲ್ಲವನ್ನೂ ಕಿತ್ತುಕೊಂಡು ಹೋಗಿದ್ದಾರೆ, ಅದು ಅವರ ಹಕ್ಕು. ನೀವು ಹಾಕಿಸಿದ್ದನ್ನು ನೀವೂ ಕಿತ್ತೊಯ್ಯಬಹುದು.

ಇಷ್ಟರಲ್ಲಿ ಹೆಸರು ಅಂಟಿಸಿದ ಡಬ್ಬಿಗೆ ಪತ್ರವೊಂದು ಬಿದ್ದಿರುತ್ತದೆ. ರೇಡಿಯೊ, ಟಿ.ವಿ. ಶುಲ್ಕ, ಮನೆಯೊಂದಕ್ಕೆ ತಿಂಗಳಿಗೆ 18.36 ಯೂರೋ. ಟಿ.ವಿ. ಇಲ್ಲ ಎಂದು ಬರೆಯಬೇಡಿ, ಇದ್ದರೂ ಇಲ್ಲದಿದ್ದರೂ ಕಟ್ಟಬೇಕು. ಜೊತೆಯಲ್ಲಿರುವವರು ಆಗಲೇ ಕಟ್ಟುತ್ತಿದ್ದರೆ ಅವರ ಶುಲ್ಕದ ಖಾತೆ ಸಂಖ್ಯೆ (ಬ್ಯಾಂಕಿನದಲ್ಲ) ಬರೆದು ಕಳಿಸಿ, ಬಿಡುತ್ತಾರೆ. ದೇಶ ಬಿಟ್ಟು ಹೊರಡುವಾಗ ನೋಂದಣಿ ರದ್ದು ಮಾಡಿಸುವುದನ್ನೂ ಮರೆಯಬೇಡಿ. ಹೊರಡುವುದಕ್ಕೆ ಒಂದು ವಾರಕ್ಕಿಂತ ಮೊದಲು ಹೋದರೆ ತಗೊಳ್ಳುವುದಿಲ್ಲ, ಹೊರಟು ಎರಡು ವಾರ ದಾಟಿದರೆ ತಡ. ಅಪಾಯಿಂಟ್‌ಮೆಂಟ್ ಪುಟ ಎಲ್ಲಿದೆ ಎಂದು ಹೇಳಬೇಕಾಗಿಲ್ಲವಲ್ಲ.