ಹಾರ್ಡ್ ಡಿಸ್ಕಿಗೂ ಒಂದು ಪೈಪು

ಕಂಪ್ಯೂಟರನ್ನು ತಾವೇ ಜೋಡಿಸಿಕೊಳ್ಳುವವರಿಗೆ ಒಂದು ಕಾಯಿಲೆ ಇದೆ. ಪ್ರೊಸೆಸರ್‌ಗೆ ವಾಟರ್ ಕೂಲಿಂಗ್ (ಪಂಪು ಓಡಿಸುವ ನೀರು ಶಾಖ ಹೊತ್ತೊಯ್ದು ರೇಡಿಯೇಟರ್‌ನಲ್ಲಿ ಗಾಳಿಗೆ ಬಿಡುವ ಏರ್ಪಾಡು) ಹಾಕಿ, ಅದು ಸೋರದೆ ಕೆಲವು ವಾರ ಓಡಿಬಿಟ್ಟರೆ ಸಾಕು, ಕ್ಯಾಬಿನೆಟ್ ಒಳಗಿರುವ ಉಳಿದದ್ದೆಲ್ಲ ಬಾಯಾರಿ ಕೂತ ಹಾಗೆ ಕಾಣತೊಡಗುತ್ತದೆ. ನನ್ನ ತಮ್ಮನ ಕಣ್ಣು ಬಿದ್ದದ್ದು ಹಾರ್ಡ್ ಡಿಸ್ಕ್ ಮೇಲೆ.

"ಅಣ್ಣಾ, ಇದನ್ನ ಮುಟ್ಟಿ ನೋಡು. ಪಾಪ, ಜ್ವರ ಬಂದ ಹಾಗಿದೆ."

ಮುಟ್ಟಿದೆ. ಬಿಸಿ ಇದ್ದದ್ದು ನಿಜ. ಸಾಫ್ಟ್‌ವೇರ್ ತೆರೆದು ನೋಡಿದರೆ 43 ಡಿಗ್ರಿ. ನಮ್ಮ ಮೈ ಇರುವುದೇ 37ರ ಹತ್ತಿರ, ಹಾಗಾಗಿ 43 ಅಂದರೆ ಬೆರಳಿಗೆ ಬಿಸಿ ಅನ್ನಿಸಲೇಬೇಕು. ಡಿಸ್ಕಿಗೆ ಅದೊಂದು ಲೆಕ್ಕವೇ ಅಲ್ಲ. ತಯಾರಕರು ಸಾಮಾನ್ಯವಾಗಿ 60 ಡಿಗ್ರಿವರೆಗೂ ಪರವಾಗಿಲ್ಲ ಎಂದು ಬರೆದುಕೊಟ್ಟಿರುತ್ತಾರೆ. ಹಾಗೆಂದು ಹೇಳಿದರೆ, "ತಡ್ಕೊಳ್ಳುತ್ತೆ ಅಂತ ಬಿಸಿಲಲ್ಲಿ ನಿಲ್ಸೋದಾ?" ಎಂದು ನನ್ನನ್ನೇ ಕಟುಕನ ಹಾಗೆ ನೋಡಿದ.

ನಾನು ಗೂಗಲ್‌ನವರ ಅಧ್ಯಯನ ತೆಗೆದೆ. 2007ರಲ್ಲಿ ಅವರು ತಮ್ಮಲ್ಲಿದ್ದ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳ ಜಾತಕ ಜಾಲಾಡಿ ಒಂದು ಪ್ರಬಂಧ ಪ್ರಕಟಿಸಿದ್ದರು. ಬಿಸಿಗೂ ಡಿಸ್ಕ್ ಕೆಡುವುದಕ್ಕೂ ಜನ ಅಂದುಕೊಂಡಷ್ಟು ನಂಟು ಅಲ್ಲಿ ಸಿಗಲಿಲ್ಲ. ತೀರಾ ಬಿಸಿಯಾದಾಗ, ಅದರಲ್ಲೂ ವಯಸ್ಸಾದ ಡಿಸ್ಕುಗಳಲ್ಲಿ, ತೊಂದರೆ ಕಂಡಿತ್ತು. ತಮಾಷೆ ಅಂದರೆ, ತಣ್ಣಗಿದ್ದ ಡಿಸ್ಕುಗಳೇ ಜಾಸ್ತಿ ಕೆಟ್ಟಿದ್ದವು. ತಮ್ಮ ಪೂರ್ತಿ ಓದಿ, "ಅವರ ಹತ್ತಿರ ಲಕ್ಷ ಇದೆ, ಒಂದು ಹೋದ್ರೆ ಏನು? ನಮ್ಮತ್ರ ಇರೋದು ಒಂದೇ" ಅಂದ. ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಮೊದಲ ಯೋಜನೆ ಸರಳವಾಗಿತ್ತು. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಸುತ್ತಿ ಬರುವ ನೀರನ್ನೇ ಡಿಸ್ಕಿನ ಪಕ್ಕದಿಂದಲೂ ಹಾಯಿಸುವುದು. ಆದರೆ ಗೇಮ್ ಆಡುವಾಗ ಆ ಎರಡೂ ಸೇರಿ ಮುನ್ನೂರು ವ್ಯಾಟ್ ಮೇಲೆ ಶಾಖ ಸುರಿಯುತ್ತವೆ, ನೀರು ತಾನೇ 40 ಡಿಗ್ರಿ ದಾಟಿರುತ್ತದೆ. ಹಾರ್ಡ್ ಡಿಸ್ಕ್ ಹೊರಹಾಕುವುದು ಐದಾರು ವ್ಯಾಟ್, ಹೆಚ್ಚೆಂದರೆ ಹತ್ತು. ಅದನ್ನು ತಣ್ಣಗೆ ಮಾಡಲು ಹೋಗಿ ಬಿಸಿನೀರಿನ ಸ್ನಾನ ಮಾಡಿಸಿದ ಹಾಗಾಗುತ್ತದೆ ಅಷ್ಟೇ.

"ಹಾಗಾದ್ರೆ ಡಿಸ್ಕಿಗೇ ಬೇರೆ ಪಂಪು, ಬೇರೆ ರೇಡಿಯೇಟರ್!"

ಸರಿ, ಪಂಪಿನ ಲೆಕ್ಕ ತೆಗೆದೆವು. ಪೂರ್ತಿ ವೇಗದಲ್ಲಿ ಅದಕ್ಕೆ ಹದಿನೆಂಟು ವ್ಯಾಟ್ ಬೇಕು. ಆ ಕರೆಂಟಿನ ಬಹುಪಾಲು ಕೊನೆಗೆ ಶಾಖವಾಗಿ ಸೇರುವುದು ಅದೇ ನೀರಿಗೆ. ಆರು ವ್ಯಾಟ್ ಹೊರಗೆ ಹಾಕಲು ಹದಿನೆಂಟು ವ್ಯಾಟ್ ಒಳಗೆ ಬಿಟ್ಟುಕೊಳ್ಳುವುದು. ಮೂಗಿಗಿಂತ ಮೂಗುತಿ ಭಾರ ಅಂತಾರಲ್ಲ, ಇಲ್ಲಿ ಮೂರು ಪಟ್ಟು ಭಾರ.

ಡಿಸ್ಕಿಗೆ ನೀರು ಹಾಯಿಸುವವರೆಲ್ಲ ತಲೆ ಇಲ್ಲದವರು ಅಂತ ನಾನು ಹೇಳುವುದಿಲ್ಲ. ಕೆಲವರಿಗೆ ಡಿಸ್ಕಿನ ಗರ್ ಗರ್ ಸದ್ದು ಕಿವಿಗೆ ಹುಳ ಬಿಟ್ಟ ಹಾಗಾಗುತ್ತದೆ. ಅದನ್ನು ಫೋಮ್ ತುಂಬಿದ ಡಬ್ಬಿಯಲ್ಲಿ ಮುಚ್ಚಿಡುತ್ತಾರೆ. ಗಾಳಿ ಆಡದ ಡಬ್ಬಿಯಿಂದ ಶಾಖ ತೆಗೆಯಲು ನೀರಿನ ದಾರಿ ಬೇಕೇ ಬೇಕು. ಅದು ಬೇರೆ ಮಾತು. ನಮ್ಮ ಮನೆಯಲ್ಲಿ ಡಿಸ್ಕಿಗಿಂತ ಜಾಸ್ತಿ ಸದ್ದು ಮಾಡುವುದು ತಮ್ಮ.

ವಾದದಲ್ಲಿ ನಾನು ಗೆದ್ದೆ. ಅಷ್ಟರಲ್ಲಿ ವಾಟರ್ ಬ್ಲಾಕಿನ, ಅಂದರೆ ಡಿಸ್ಕಿಗೆ ತಾಗಿಸಿ ಒಳಗೆ ನೀರು ಹಾಯಿಸುವ ಲೋಹದ ತುಂಡಿನ, ಪಾರ್ಸೆಲ್ ಮನೆಗೆ ಬಂದಾಗಿತ್ತು.

ಬ್ಲಾಕನ್ನು ಎಲ್ಲಿ ಕೂರಿಸುವುದು ಅನ್ನುವುದೇ ದೊಡ್ಡ ಚರ್ಚೆ. ತಮ್ಮನಿಗೆ ಮೇಲ್ಗಡೆಯೇ ಬೇಕು, ಅಲ್ಲಿ ಜಾಗ ಸಪಾಟಾಗಿದೆ. ಆದರೆ ನಮ್ಮ ಡಿಸ್ಕಿನ ಮುಚ್ಚಳದ ಮೇಲೆ ಗುಂಡುಸೂಜಿ ತಲೆಯಷ್ಟು ದೊಡ್ಡ ತೂತು, ಪಕ್ಕದಲ್ಲೇ ಮುಚ್ಚಬೇಡಿ ಅನ್ನುವ ಎಚ್ಚರಿಕೆ. ಡಿಸ್ಕಿನ ಒಳಗಿನ ಗಾಳಿ, ಹೊರಗಿನ ಗಾಳಿ ಸಮ ಇರಲಿ ಅಂತ ಬಿಟ್ಟಿರುವ ಕಿಂಡಿ ಅದು. ಒಳಗೆ ಮಾಹಿತಿ ಓದಿ ಬರೆಯುವ ಹೆಡ್ಡುಗಳು ತಿರುಗುವ ತಟ್ಟೆಗೆ ತಾಗದೆ ತೆಳು ಗಾಳಿಯ ಪದರದ ಮೇಲೆ ತೇಲುತ್ತಿರುತ್ತವೆ. ಹೀಲಿಯಂ ತುಂಬಿ ಸೀಲ್ ಮಾಡಿದ ಡಿಸ್ಕುಗಳಿಗೆ ಈ ತೂತು ಬೇಕಾಗುವುದಿಲ್ಲ, ನಮ್ಮದು ಅಂಥ ಶ್ರೀಮಂತರ ಪೈಕಿ ಅಲ್ಲ. ತಣ್ಣಗೆ ಮಾಡುತ್ತೇವೆ ಅಂತ ಹೋಗಿ ಉಸಿರೇ ಕಟ್ಟಿಸುವುದಾ? ಪಕ್ಕಕ್ಕೆ ಕೂರಿಸುವುದು ಅಂತಾಯಿತು.

ಡಿಸ್ಕ್ ಹಾಕದೆ ಮೊದಲು ಬರೀ ಬ್ಲಾಕಿನಲ್ಲಿ ನೀರು ಓಡಿಸಿ ನೋಡೋಣ ಎಂದು ಹಟ ಹಿಡಿದೆ. ಪ್ರತಿ ಜೋಡಣೆಗೂ ಟಿಶ್ಯೂ ಕಾಗದ ಸುತ್ತಿದೆವು. ಪಂಪ್ ಆನ್ ಆಯಿತು, ಟ್ಯೂಬಿನಲ್ಲಿ ಗುಳ್ಳೆಗಳು ಗುಳುಗುಳು ಓಡಿದವು, ತಮ್ಮ ಚಪ್ಪಾಳೆ ತಟ್ಟಿದ. ಸ್ವಲ್ಪ ಹೊತ್ತಿಗೆ ಒಂದು ಟಿಶ್ಯೂವಿನ ಅಂಚು ಕಪ್ಪಗಾಯಿತು. ಬಿಚ್ಚಿ ನೋಡಿದರೆ ಒಳಗಿನ ರಬ್ಬರ್ ರಿಂಗ್ ಮಡಚಿಕೊಂಡಿತ್ತು. ಅದರ ಕೆಳಗೆ ಒಂದು ಹನಿ, ಬೀಳಲೋ ಬೇಡವೋ ಅಂತ ತೂಗಾಡುತ್ತಿತ್ತು. ಡಿಸ್ಕ್ ಇದ್ದಿದ್ದರೆ ಅದು ಇಳಿಯುತ್ತಿದ್ದದ್ದು ನೇರ ಅದರ ಸರ್ಕ್ಯೂಟ್ ಬೋರ್ಡಿನ ಹತ್ತಿರಕ್ಕೆ.

"ಡಿಸ್ಟಿಲ್ಡ್ ವಾಟರ್ ಅಲ್ವಾ, ಕರೆಂಟ್ ಹರಿಯಲ್ಲ" ಅಂದ ತಮ್ಮ, ಆದರೆ ದನಿಯಲ್ಲಿ ಮೊದಲಿನ ಜೋರಿರಲಿಲ್ಲ. ಬಾಟಲಿಯಲ್ಲಿದ್ದಾಗ ಹರಿಯುವುದಿಲ್ಲ, ಸರಿ. ಲೋಹದೊಳಗೆ ಸುತ್ತಿ, ಬೋರ್ಡಿನ ಧೂಳಿನ ಮೇಲೆ ಬಿದ್ದಮೇಲೆ ಅದು ಡಿಸ್ಟಿಲ್ಡ್ ಆಗಿ ಉಳಿದಿರುತ್ತದೆಯೇ?

ಬ್ಲಾಕ್ ವಾಪಸ್ ಡಬ್ಬಿ ಸೇರಿತು. ಡಿಸ್ಕಿನ ಮುಂದೆ 120 ಮಿಲಿಮೀಟರಿನ ಒಂದು ಫ್ಯಾನನ್ನು ನಿಧಾನವಾಗಿ ತಿರುಗಲು ಬಿಟ್ಟೆವು. ಅದು ಎರಡು ವ್ಯಾಟ್ ಕೂಡ ಕೇಳುವುದಿಲ್ಲ. ಮೊದಲು ಯಾವುದೋ ಕೇಬಲ್ ರೆಕ್ಕೆಗೆ ತಾಗಿ ಟರ್ ಟರ್ ಅಂತ ಮನೆಯವರನ್ನೆಲ್ಲ ಎಬ್ಬಿಸಿತು. ಟ್ಯಾಗ್ ಕಟ್ಟಿದ ಮೇಲೆ ಸುಮ್ಮನಾಯಿತು. ಡಿಸ್ಕ್ 35ಕ್ಕೆ ಇಳಿಯಿತು.

ಈ ಗಲಾಟೆಯಲ್ಲಿ ಭಯ ಬಿದ್ದು ತಮ್ಮ ಮಾಡಿದ ಒಂದು ಒಳ್ಳೆಯ ಕೆಲಸ ಅಂದರೆ ಬ್ಯಾಕಪ್. ಫೋಟೋಗಳನ್ನೆಲ್ಲ ಒಂದು ಎಕ್ಸ್‌ಟರ್ನಲ್ ಡಿಸ್ಕಿಗೆ ರಾತ್ರಿಯಿಡೀ ಕಾಪಿ ಮಾಡಿದ. ಅದಕ್ಕೆ ಫ್ಯಾನೂ ಇಲ್ಲ, ಕಿಟಕಿಯೂ ಇಲ್ಲ, ಬರೀ ಪ್ಲಾಸ್ಟಿಕ್ ಡಬ್ಬಿ. ಬೆಳಿಗ್ಗೆ ಎದ್ದು ನೋಡಿದರೆ ಅದರ ಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದಾನೆ.

"ಅಣ್ಣಾ, 51 ಡಿಗ್ರಿ..."

ಕಾಪಿ ಮುಗಿದಿದೆಯಾ ಎಂದು ಕೇಳಿದೆ. ಮುಗಿದಿದೆ ಅಂದ. ಕೇಬಲ್ ಕಿತ್ತು, ಡಿಸ್ಕನ್ನು ಬೀರುವಿಗೆ ಹಾಕಿ ಬೀಗ ಜಡಿದೆ.