ಕೊಂಬೆಯಂ ದಾಂಟು

ಭಾನುವಾರ ಬೆಳಿಗ್ಗೆ ನೆನೆಸಿದ ಅವರೆಕಾಳು ಹಿದುಕುತ್ತಾ ಕೂತಿದ್ದೆ. ಈ ಕೆಲಸಕ್ಕೆ ಕೈ ಸಾಕು, ತಲೆ ಬೇಕಿಲ್ಲ. ನಮ್ಮ ಮನೆಯಲ್ಲಿ ಅದು ನನ್ನ ಪಾಲಿಗೆ ಬಂದಿರುವುದೂ ಅದಕ್ಕೇ. ಮೊಬೈಲಿನಲ್ಲಿ ಆರ್.ಇ.ಎಂ. ಎಂಬ ಅಮೆರಿಕದ ರಾಕ್ ತಂಡದ ಮೊದಲ ಆಲ್ಬಮ್ 'ಮರ್ಮರ್' ಹಾಕಿಕೊಂಡು ಜೊತೆಜೊತೆಗೆ ಹಾಡುತ್ತಿದ್ದೆ. ಅತ್ತಿಂದ ಬಂದ ಮಗಳು ಪರದೆ ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಪರದೆ ನೋಡಿ, "ಅಪ್ಪಾ, ನೀನು ಹಾಡುತ್ತಿರುವ ಒಂದು ಪದವೂ ಇದರಲ್ಲಿಲ್ಲವಲ್ಲ" ಎಂದಳು.

ಪರದೆಯ ಮೇಲೆ ಹಾಡಿನ ಸಾಲುಗಳು ಹರಿಯುತ್ತಿದ್ದವು. ಯಾರು ಕೇಳಿದ್ದರು? ನಾನಂತೂ ಕೇಳಿರಲಿಲ್ಲ. ಇತ್ತೀಚೆಗೆ ಈ ಆಪ್‌ಗಳಿಗೆ ಉಪಕಾರ ಮಾಡುವ ಚಟ ಹತ್ತಿದೆ. ಬೇಡವೆಂದು ಒತ್ತಲು ಗುಂಡಿ ಹುಡುಕಿದರೆ ಅದು ಮೂರು ಪುಟ ಒಳಗೆ ಅಡಗಿರುತ್ತದೆ. ಅಷ್ಟರಲ್ಲಿ ಕೈಯ ಲೋಳೆಯೆಲ್ಲ ಗಾಜಿಗೆ ಅಂಟಿ, ಹಾಡು ಹೋಗಿ ಜಾಹೀರಾತು ಬಂದಿರುತ್ತದೆ.

ಬೇರೆ ಯಾವ ಹಾಡಿಗಾದರೂ ಪದ ತೋರಿಸಲಿ, ಸಹಿಸಿಕೊಳ್ಳುತ್ತೇನೆ. ಆದರೆ 'ಮರ್ಮರ್'ಗೆ? ಜಾರ್ಜಿಯಾ ರಾಜ್ಯದ ಅಥೆನ್ಸ್ ಎಂಬ ಕಾಲೇಜು ಊರಿನ ನಾಲ್ವರು 1983ರಲ್ಲಿ ಹೊರತಂದ ಈ ಆಲ್ಬಮ್‌ನ ಖ್ಯಾತಿಯೇ ಮೈಕೆಲ್ ಸ್ಟೈಪ್ ಏನು ಹಾಡುತ್ತಾನೆಂದು ಯಾರಿಗೂ ತಿಳಿಯದು ಎಂಬುದರಲ್ಲಿದೆ. ಪೀಟರ್ ಬಕ್‌ನ ಗಿಟಾರು ಸಣ್ಣ ಗಂಟೆಗಳ ಸಾಲಿನಂತೆ ಮುಂದೆ ಹೋಗುತ್ತಿದ್ದರೆ ಸ್ಟೈಪ್ ಹಿಂದೆಲ್ಲೋ ಕೌದಿ ಹೊದ್ದುಕೊಂಡು ಗೊಣಗುತ್ತಿರುತ್ತಾನೆ. ಹಾಡಿನ ಸಾಹಿತ್ಯವನ್ನು ಅವರು ಅಚ್ಚು ಹಾಕಿಸಲಿಲ್ಲ. ಪೂರ್ತಿ ಸಾಹಿತ್ಯ ಮುದ್ರಿಸಿದ್ದು 1998ರ 'ಅಪ್' ಆಲ್ಬಮ್‌ನಲ್ಲಿ, ಅಂದರೆ ಹದಿನೈದು ವರ್ಷ ತಡೆದು. ಅಷ್ಟು ಕಷ್ಟಪಟ್ಟು ಮುಚ್ಚಿಟ್ಟುಕೊಂಡಿದ್ದನ್ನು ನನ್ನ ಅವರೆಕಾಳಿನ ಬಟ್ಟಲ ಪಕ್ಕದಲ್ಲಿ ಬಟಾಬಯಲು ಮಾಡಲು ಈ ಆಪ್ ಯಾರು? ಅರ್ಥವಾಗದ ಹಾಡುಗಳ ಬಗ್ಗೆ ನನ್ನದೊಂದು ಸಿದ್ಧಾಂತವೇ ಇದೆ. ಹೇಳುತ್ತೇನೆ. ಅದಕ್ಕೆ ಮೊದಲು ಕಾನ್ವೆಂಟ್‌ನ ವಿಷಯ ಹೇಳಬೇಕು.

ಕಾನ್ವೆಂಟ್ ಎಂಬುದು ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲಿದ್ದವನ ಹೆಸರು. ಅಪ್ಪ ಅಮ್ಮ ಇಟ್ಟದ್ದಲ್ಲ, ನಾವು ಇಟ್ಟದ್ದು. ನಾನು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದವನು. ಅವನು ಬೆಂಗಳೂರಿನ ದಂಡು ಪ್ರದೇಶದ ಕಾನ್ವೆಂಟಿನಲ್ಲಿ ಓದಿ, ನಿದ್ದೆಯಲ್ಲೂ ಇಂಗ್ಲಿಷಿನಲ್ಲಿ ಕನವರಿಸುತ್ತಿದ್ದವನು. 1992ರಲ್ಲಿ ಅಮೆರಿಕದಲ್ಲಿದ್ದ ಅವನಣ್ಣ ಒಂದು ಕ್ಯಾಸೆಟ್ ಕಳಿಸಿದ. ಹಿಂದಿನ ವರ್ಷವಷ್ಟೇ 'ಲೂಸಿಂಗ್ ಮೈ ರಿಲಿಜನ್' ಬಂದು ಕೇಬಲ್ ಟಿವಿ ಇದ್ದ ಮನೆಗಳಲ್ಲೆಲ್ಲ ಮ್ಯಾಂಡೊಲಿನ್ ಕೇಳುತ್ತಿದ್ದ ಕಾಲ. ಹಾಗಾಗಿ ಅದೇ ತಂಡದ ಮೊದಲ ಆಲ್ಬಮ್ ಎಂದರೆ ನಮಗೆ ನಿಧಿ ಸಿಕ್ಕಂತೆ. ಅಂಗಡಿಯ ಕ್ಯಾಸೆಟ್ ಅಲ್ಲ, ಅರವತ್ತು ನಿಮಿಷದ ಖಾಲಿ ಟೇಪಿಗೆ ಇಳಿಸಿದ್ದು. ಆಲ್ಬಮ್ ನಲವತ್ತನಾಲ್ಕು ನಿಮಿಷದ್ದು. ಉಳಿದ ಟೇಪು ದಂಡವಾಗಬಾರದೆಂದು ಅಣ್ಣ ಎರಡೂ ಬದಿಯ ಕೊನೆಯಲ್ಲಿ ತಾಯಿಗೆ ಹೇಳಬೇಕಾದ ಮಾತುಗಳನ್ನು ತುಂಬಿದ್ದ. ಫೋನು ದುಬಾರಿಯಾಗಿದ್ದ ದಿನಗಳು.

ಮೊದಲ ಸಲ ಕೇಳಿದಾಗ ನನಗೆ ಒಂದಕ್ಷರವೂ ತಿಳಿಯಲಿಲ್ಲ. ಇದರಲ್ಲೇನೂ ವಿಶೇಷವಿರಲಿಲ್ಲ, ತರಗತಿಯಲ್ಲಿ ಮೇಷ್ಟ್ರು ಹೇಳುವ ಥರ್ಮೋಡೈನಮಿಕ್ಸೂ ನನಗೆ ಹಾಗೇ ಕೇಳಿಸುತ್ತಿತ್ತು. "ಏನು ಹೇಳುತ್ತಿದ್ದಾನೋ ಬರೆದುಕೊಡು" ಎಂದು ಕಾನ್ವೆಂಟ್‌ನನ್ನು ಕೇಳಿದೆ. ಅವನು ಬಹಳ ಉದಾರವಾಗಿ ಒಪ್ಪಿದ. ಇನ್ನೂರು ಪುಟದ ನೋಟುಪುಸ್ತಕ ತಂದ, ಕಿವಿಯನ್ನು ಟೇಪ್ ರೆಕಾರ್ಡರಿಗೆ ಆನಿಸಿದ, ಹಿಂದಕ್ಕೆ ಸುತ್ತಿದ, ಬರೆದ, ಮತ್ತೆ ಸುತ್ತಿದ. ಏಳು ದಿನ. ಟೇಪು ಎರಡು ಸಲ ಒಳಗೇ ಸಿಕ್ಕಿಕೊಂಡು ಪೆನ್ಸಿಲಿನಲ್ಲಿ ತಿರುವಿ ಬಿಡಿಸಬೇಕಾಯಿತು. ಊಟದ ಗಂಟೆ ಹೊಡೆದರೂ ಏಳುತ್ತಿರಲಿಲ್ಲ. ಅವನ ಪಾಲಿನ ಮುದ್ದೆಯನ್ನೂ ನಾನೇ ತಿಂದೆ. ಕಡೆಗೆ ಹನ್ನೆರಡೂ ಹಾಡುಗಳನ್ನು ದುಂಡು ಅಕ್ಷರದಲ್ಲಿ ಬರೆದು ಕೈಗಿಟ್ಟ. 'ವಿ ವಾಕ್' ಹಾಡಿನ ನಡುವೆ ಬರುವ ಗುಡುಗನ್ನೂ ಬಿಡದೆ ಆವರಣದಲ್ಲಿ 'ಗುಡುಗು' ಎಂದು ಬರೆದಿದ್ದ. (ಅದು ಗುಡುಗಲ್ಲ, ಬಿಲಿಯರ್ಡ್ಸ್ ಚೆಂಡುಗಳ ಸದ್ದನ್ನು ನಿಧಾನಗೊಳಿಸಿದ್ದು ಎಂದು ಎಷ್ಟೋ ವರ್ಷಗಳ ಮೇಲೆ ಓದಿ ತಿಳಿದೆ.)

ಆ ಪುಸ್ತಕವನ್ನು ನಾನು ಉರುಹೊಡೆದೆ. ಇಂಗ್ಲಿಷ್ ಬಂತೆಂದೇ ಅಂದುಕೊಂಡೆ. ಒಂದೇ ಒಂದು ಕಡೆ ಮಾತ್ರ ಅವನ ಮಾತು ಒಪ್ಪಲಿಲ್ಲ. 'ಟಾಕ್ ಅಬೌಟ್ ದ ಪ್ಯಾಷನ್' ಹಾಡಿನಲ್ಲಿ ಸ್ಟೈಪ್ ಮತ್ತೆ ಮತ್ತೆ ಹೇಳುವುದು 'ಕಮ್ ಇನ್ ದ ಟೌನ್' ಎಂದು ಅವನ ಪಾಠ. ನನ್ನ ಕಿವಿಗೆ ಅದು ಸ್ಪಷ್ಟವಾಗಿ ಹಳಗನ್ನಡ: 'ಕೊಂಬೆಯಂ ದಾಂಟು'. ಹಾಗೆಂದು ವಾದಿಸಿ ಇಡೀ ಹಾಸ್ಟೆಲಿನ ಎದುರು ನಗೆಪಾಟಲಾದೆ.

ಪರೀಕ್ಷೆಯ ಹಿಂದಿನ ರಾತ್ರಿ, ಭಯದಲ್ಲೋ ಭಕ್ತಿಯಲ್ಲೋ, ಕಾನ್ವೆಂಟ್ ತಪ್ಪೊಪ್ಪಿಕೊಂಡ. ಮೊದಲ ಸಂಜೆಯೇ ಅವನಿಗೂ ಏನೂ ತಿಳಿದಿರಲಿಲ್ಲವಂತೆ. ಹಾಗೆಂದರೆ ಮರ್ಯಾದೆ ಹೋಗುತ್ತದೆಂದು ಏಳು ದಿನ ಕೂತು ಹನ್ನೆರಡು ಹಾಡನ್ನೂ ಸ್ವಂತವಾಗಿ ಕಟ್ಟಿದ್ದನಂತೆ. ನನಗೆ ಸಿಟ್ಟು ಬರಬೇಕಿತ್ತು, ಬಂತೂ ಕೂಡ. ಎರಡು ದಿನ ಮಾತು ಬಿಟ್ಟೆ. ಆದರೆ ಆಮೇಲೆ, ಅಮೆರಿಕದವರಿಗೂ ಇದು ತಿಳಿಯುವುದಿಲ್ಲವೆಂದು ಅಣ್ಣನ ಪತ್ರದಿಂದ ಗೊತ್ತಾದಾಗ, ನನಗಾದ ಸಂತೋಷ ಇಷ್ಟೆಂದು ಹೇಳಲಾರೆ. ಇಂಗ್ಲಿಷ್ ಎಂಬ ಭಾಷೆಯ ಮುಂದೆ ನಾನು, ಕಾನ್ವೆಂಟ್ ಮತ್ತು ಇಡೀ ಜಾರ್ಜಿಯಾ ರಾಜ್ಯ ಒಂದೇ ಬೆಂಚಿನಲ್ಲಿ ಕೂತದ್ದು ಅದೇ ಮೊದಲು. ಅದೇ ಕೊನೆ ಕೂಡ.

ಮಗಳಿಗೆ ಇದನ್ನೆಲ್ಲ ಹೇಳಿದೆ. ಮೈಕೆಲ್ ಜಾಕ್ಸನ್‌ನ 'ಥ್ರಿಲ್ಲರ್' ಜಗತ್ತನ್ನೇ ಕುಣಿಸುತ್ತಿದ್ದ 1983ರಲ್ಲಿ 'ರೋಲಿಂಗ್ ಸ್ಟೋನ್' ಪತ್ರಿಕೆಯ ವಿಮರ್ಶಕರು ವರ್ಷದ ಆಲ್ಬಮ್ ಎಂದು ಆರಿಸಿದ್ದು ಈ ಗೊಣಗಾಟವನ್ನು ಎಂದೆ. ಮೊದಲು ಸ್ಟೀಫನ್ ಹೇಗ್ ಎಂಬ ನಿರ್ಮಾಪಕ 'ಕ್ಯಾಟಪಲ್ಟ್' ಹಾಡನ್ನು ತಾಳಯಂತ್ರದ ಟಿಕ್‌ಟಿಕ್‌ಗೆ ಸರಿಯಾಗಿ ಮತ್ತೆ ಮತ್ತೆ ಬಾರಿಸಿ ಹುಡುಗರ ಜೀವ ತಿಂದನೆಂದೂ, ಅವರು ಅಲ್ಲಿಂದ ತಪ್ಪಿಸಿಕೊಂಡು ಮಿಚ್ ಈಸ್ಟರ್ ಮತ್ತು ಡಾನ್ ಡಿಕ್ಸನ್ ಬಳಿ ಹೋದರೆಂದೂ ಹೇಳಿದೆ. ಎಲ್ಲವನ್ನೂ ನೇರ್ಪು ಮಾಡುವವರ ಮೇಲೆ ನನಗಿರುವ ಕೋಪಕ್ಕೆ ಅದೊಂದು ಒಳ್ಳೆಯ ದೃಷ್ಟಾಂತವಾಗಿತ್ತು. ಅವಳು "ಹೂಂ" ಎಂದಳು. 'ಮರ್ಮರ' ನಮ್ಮಲ್ಲೂ ಇರುವ ಪದ, ತರಗೆಲೆಯ ಸದ್ದು, ಎಂದೆ. ಅದಕ್ಕೂ "ಹೂಂ". ಆಮೇಲೆ ಪರದೆಯತ್ತ ಬೆರಳು ತೋರಿಸಿ, "ಇದು ಫ್ರೆಂಚ್ ಅಪ್ಪಾ. 'ಎಷ್ಟು ಕಾಲ' ಅಂತ ಅರ್ಥ. ಕೊಂಬೆಯೂ ಇಲ್ಲ, ದಾಂಟುವುದೂ ಇಲ್ಲ" ಎಂದು ಹೇಳಿ ಎದ್ದು ಹೋದಳು.

ಫ್ರೆಂಚ್! ಪಾಪ, ಕಾನ್ವೆಂಟ್.

ಕಾಳು ಇನ್ನೂ ಅರ್ಧ ಸೇರು ಉಳಿದಿತ್ತು. ಮೊಬೈಲನ್ನು ಸಿಪ್ಪೆಯ ರಾಶಿಯ ಮೇಲೆ ಬೋರಲು ಹಾಕಿ ಹಿದುಕುತ್ತಾ ಹೋದೆ. ಕೊನೆಯ ಹಾಡು 'ವೆಸ್ಟ್ ಆಫ್ ದ ಫೀಲ್ಡ್ಸ್' ಮುಗಿಯಿತು. ಮೂವತ್ತು ವರ್ಷಕ್ಕೂ ಹಿಂದಿನ ಅಭ್ಯಾಸ. ಕೈ ತಾನಾಗಿ ನಿಂತಿತು, ಕಿವಿ ಕಾಯಿತು. ಕ್ಯಾಸೆಟ್ಟಿನಲ್ಲಿ ಇಲ್ಲಿಗೆ ಒಂದು ಗೊರಗೊರ, ಆಮೇಲೆ ಗಂಟಲು ಸರಿಮಾಡಿಕೊಳ್ಳುವ ಸದ್ದು, ಅದರ ಹಿಂದೆಯೇ ಎರಡೂ ಬದಿಯಲ್ಲಿ ನಮಗೆ ಚೆನ್ನಾಗಿ ಅರ್ಥವಾಗುತ್ತಿದ್ದ ಆ ದನಿ ಬರುತ್ತಿತ್ತು: "ಅಮ್ಮಾ, ಇಲ್ಲಿ ಹುಣಸೆಹಣ್ಣು ಸಿಗುತ್ತದೆ. ನೀನು ಕಳಿಸಬೇಡ."

ಮೊಬೈಲು ಕ್ಷಣವೂ ತಡೆಯದೆ ಇನ್ಯಾವುದೋ ತಂಡದ ಹಾಡು ಶುರುಮಾಡಿತು.