ಹತ್ತು ಬೀಜದ ಪೊಟ್ಟಣ

ನಮ್ಮ ಮಾಳಿಗೆ ಮೇಲೆ ಆರು ಕುಂಡಗಳು ಏಪ್ರಿಲ್‌ನಿಂದ ಖಾಲಿ ಇವೆ. ಮಳೆಗಾಲದಲ್ಲೂ ಅವುಗಳ ಮೇಲೆ ತಾಡಪತ್ರಿ ಹೊದಿಸಿ ಇಟ್ಟೆ. "ಟಮಾಟಿ ಫೋಟೋ ಯಾಕೆ ಹಾಕ್ತಿಲ್ಲ" ಎಂದು ತುಂಬಾ ಜನ ಕೇಳಿದ್ದೀರಿ. ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರಾಗಬೇಡಿ.

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಹೊರದೇಶದ ಒಂದು ಆನ್‌ಲೈನ್ ಅಂಗಡಿಯಿಂದ ಟಮಾಟಿ ಬೀಜ ತರಿಸಿದೆ. ಬ್ರ್ಯಾಂಡಿವೈನ್ ಅನ್ನುವ ತಳಿ. ಅಮೆರಿಕದ ಹಳೇ ತಳಿ ಅದು. ಗುಲಾಬಿ ಬಣ್ಣದ ದಪ್ಪ ಹಣ್ಣು, ಒಂದೊಂದು ಅರ್ಧ ಕೆಜಿ ತೂಗುವುದೂ ಉಂಟು. ರುಚಿಗೆ ಹೆಸರುವಾಸಿ. ಹತ್ತು ಬೀಜಕ್ಕೆ ಸಾಗಣೆ ಖರ್ಚು ಸೇರಿ ಆರುನೂರು ಚಿಲ್ಲರೆ ರೂಪಾಯಿ ಕೊಟ್ಟೆ.

ಅದಕ್ಕೂ ಮೊದಲು ಇನ್ನೆರಡು ಅಂಗಡಿಗಳಿಗೆ ಕೇಳಿದ್ದೆ. ಒಬ್ಬರು ಭಾರತಕ್ಕೆ ಕಳಿಸುವುದಿಲ್ಲ ಅಂದರು. ಇನ್ನೊಬ್ಬರು ನಿಮ್ಮ ದೇಶದ ಆಮದು ಪರವಾನಗಿ ಇದ್ದರೆ ತೋರಿಸಿ ಅಂದರು. ನನಗೆ ಸಿಟ್ಟು ಬಂದಿತ್ತು. ಏನೂ ಕೇಳದೆ "ಆಯ್ತು, ಕಳಿಸ್ತೀವಿ" ಅಂದ ಮೂರನೆಯವರೇ ಒಳ್ಳೆಯವರು ಅನ್ನಿಸಿತು. ಈಗ ಯೋಚಿಸಿದರೆ ಆ ಮೊದಲ ಇಬ್ಬರೇ ಸಾಚಾ ವ್ಯಾಪಾರಿಗಳು.

ಪೊಟ್ಟಣ ಬಂದಾಗ ಸಂಕ್ರಾಂತಿ ಮುಗಿದಿತ್ತು. ಕವರಿಗೆ ಅಂಟಿಸಿದ ಚೀಟಿಯಲ್ಲಿ ಒಳಗಿರುವುದು ಕಿವಿಯೋಲೆ ಎಂದು ಬರೆದಿದ್ದರು. ಬೀಜ ಎಂಬ ಮಾತು ಎಲ್ಲೂ ಇಲ್ಲ. 2020ರಲ್ಲಿ ಅಮೆರಿಕದ ಎಷ್ಟೋ ಮನೆಗಳಿಗೆ ಯಾರೂ ಕೇಳದೆ ಬೀಜದ ಪೊಟ್ಟಣ ಬಂದವಲ್ಲ, ಅವುಗಳ ಮೇಲೂ ಹೀಗೇ ಒಡವೆ ಎಂದು ಬರೆದಿರುತ್ತಿತ್ತು. ಆಗ ನಮ್ಮ ಕೇಂದ್ರ ಕೃಷಿ ಇಲಾಖೆಯೂ ರಾಜ್ಯಗಳಿಗೆ ಎಚ್ಚರಿಕೆ ಕೊಟ್ಟಿತ್ತು. ಆ ಸುದ್ದಿ ನಾನು ಓದಿದ್ದೆ. ಆದರೂ ಬಿತ್ತಿದೆ.

ಏಳು ಮೊಳೆತವು, ಆರು ಉಳಿದವು. ಒಂದು ತಿಂಗಳೊಳಗೆ ಮೊದಲ ಅನುಮಾನ ಬಂತು. ಬ್ರ್ಯಾಂಡಿವೈನ್ ಗಿಡದ ಎಲೆ ಆಲೂಗಡ್ಡೆ ಎಲೆಯ ಹಾಗೆ ಅಗಲ, ಅಂಚಿನಲ್ಲಿ ಕಚ್ಚು ಇರುವುದಿಲ್ಲ. ಹಣ್ಣು ಬಿಡುವವರೆಗೆ ಕಾಯಬೇಕಿಲ್ಲ, ಎಲೆ ನೋಡಿದರೇ ಗೊತ್ತಾಗುತ್ತದೆ. ನನ್ನ ಆರು ಗಿಡಗಳಲ್ಲಿ ಒಂದಕ್ಕೂ ಅಂಥ ಎಲೆ ಇರಲಿಲ್ಲ. ಎಲ್ಲ ನಮ್ಮ ಸಾದಾ ಟಮಾಟಿ ಎಲೆ.

ಹೂ ಬಿಡುವ ಹೊತ್ತಿಗೆ ಯುಗಾದಿ ಬಂತು. ಕಲಬುರಗಿ ಬಿಸಿಲು ನಿಮಗೆ ಹೇಳಬೇಕಾಗಿಲ್ಲ. ಹಗಲು 35 ಡಿಗ್ರಿ ದಾಟಿ, ರಾತ್ರಿಯೂ ತಂಪಾಗದಿದ್ದರೆ ಟಮಾಟಿಯ ಪರಾಗ ಕೆಡುತ್ತದೆ, ಹೂ ಉದುರುತ್ತದೆ. ನಮ್ಮಲ್ಲಿ ಏಪ್ರಿಲ್‌ನಲ್ಲಿ 40 ದಾಟುತ್ತದೆ. ಬೀಜ ನವೆಂಬರ್‌ನಲ್ಲೇ ಕೈಗೆ ಸಿಕ್ಕಿದ್ದರೆ ಚಳಿಯಲ್ಲಿ ನಾಲ್ಕು ಕಾಯಿಯಾದರೂ ನಿಲ್ಲುತ್ತಿದ್ದವು. ಇಷ್ಟಕ್ಕೇ ಮುಗಿದಿದ್ದರೆ ಆರುನೂರು ರೂಪಾಯಿ ಹೋಯಿತು ಎಂದು ಸುಮ್ನೆ ಇರುತ್ತಿದ್ದೆ. ಈ ಬರಹವೂ ಬೇಕಿರಲಿಲ್ಲ.

ಹೊಸ ಎಲೆಗಳಲ್ಲಿ ಬಣ್ಣ ಬದಲಾಗತೊಡಗಿತು. ತಿಳಿ ಹಸಿರು, ಕಡು ಹಸಿರು ಮಚ್ಚೆ ಮಚ್ಚೆ. ತುದಿಯ ಎಲೆಗಳು ಸಣ್ಣಗಾಗಿ ದಾರದ ಹಾಗೆ ಉದ್ದಕ್ಕೆ ಎಳೆದುಕೊಂಡವು. ಎಲೆ ಮುಟುರು ರೋಗ ನನಗೆ ಗೊತ್ತು. ಅದನ್ನು ಬಿಳಿ ನೊಣ ತರುತ್ತದೆ, ಎಲೆ ಬಟ್ಟಲಿನ ಹಾಗೆ ಮೇಲಕ್ಕೆ ಮಡಚಿಕೊಳ್ಳುತ್ತದೆ. ಇದು ಹಾಗಿರಲಿಲ್ಲ. ರಾತ್ರಿ ಕೂತು ಓದಿದೆ. ಓದಿದಷ್ಟೂ ಹೊಟ್ಟೆಯಲ್ಲಿ ಸಂಕಟ.

ಟಮಾಟಿಗೆ ಬರುವ ಒಂದು ಹೊಸ ವೈರಸ್ ಇದೆ. ಹಣ್ಣಿನ ಮೇಲೆ ಕಂದು ಬಣ್ಣದ ಒರಟು ಕಲೆ ಮಾಡುತ್ತದೆ. 2014ರಲ್ಲಿ ಇಸ್ರೇಲ್‌ನಲ್ಲಿ ಮೊದಲು ಕಂಡಿತು, 2015ರಲ್ಲಿ ಜೋರ್ಡಾನ್‌ನಲ್ಲಿ. ಮುಂದಿನ ನಾಲ್ಕೈದು ವರ್ಷಗಳಲ್ಲಿ ಯುರೋಪ್, ಮೆಕ್ಸಿಕೊ, ಅಮೆರಿಕ, ಚೀನಾ ಎಲ್ಲ ಕಡೆ ಹಬ್ಬಿತು. ಹಬ್ಬಿದ್ದಕ್ಕೆ ಒಂದು ದೊಡ್ಡ ಕಾರಣ ಬೀಜ. ಇದು ಬೀಜದ ಸಿಪ್ಪೆಗೆ ಅಂಟಿಕೊಂಡು ಬರುತ್ತದೆ. ಆಮೇಲೆ ಇದಕ್ಕೆ ನೊಣವೂ ಬೇಡ, ಗಾಳಿಯೂ ಬೇಡ. ರೋಗದ ಗಿಡ ಮುಟ್ಟಿದ ಕೈ ಸಾಕು, ಕತ್ತರಿ ಸಾಕು, ಬಟ್ಟೆ ಸಾಕು. ಇಂಥ ವೈರಸ್‌ಗಳ ವಿರುದ್ಧ ಟಮಾಟಿ ತಳಿಗಳಲ್ಲಿ ಮೊದಲಿಂದ ಇದ್ದ ಶಕ್ತಿಯನ್ನೂ ಇದು ಮುರಿಯುತ್ತದೆ. ಔಷಧ ಇಲ್ಲ. ಗಿಡ ಕಿತ್ತು ನಾಶ ಮಾಡುವುದೊಂದೇ ದಾರಿ. ಮೆಣಸಿನಕಾಯಿಗೂ ಬರುತ್ತದೆ.

ನನ್ನ ಗಿಡಕ್ಕೆ ಬಂದದ್ದು ಇದೇ ಎಂದು ನಾನು ಹೇಳುತ್ತಿಲ್ಲ. ಪರೀಕ್ಷೆ ಮಾಡಿಸಿಲ್ಲ. ಇದೇ ಜಾತಿಯ ಹಳೇ ವೈರಸ್‌ಗಳೂ ಹೀಗೇ ಮಚ್ಚೆ ಮಾಡುತ್ತವೆ.

ಮರುದಿನ ಬೆಳಿಗ್ಗೆ ಕಾಕಾ ಬಂದರು. ಕಮಲಾಪುರದ ಕಡೆ ಅವರದು ಎರಡು ಎಕರೆ ಟಮಾಟಿ, ಪಕ್ಕದಲ್ಲೇ ಮೆಣಸಿನಕಾಯಿ. ಕಣ್ಣಿ ಮಾರ್ಕೆಟ್‌ಗೆ ಮಾಲು ಹಾಕಿ, ನಮ್ಮ ಮನೆಯಲ್ಲಿ ಚಹಾ ಕುಡಿದು ಹೋಗುವುದು ಅವರ ರೂಢಿ. ಚಹಾ ಆದ ಮೇಲೆ ಮಾಳಿಗೆ ಹತ್ತಿದರು. ರೈತರ ಕೈ ಅಲ್ವಾ, ಗಿಡ ಕಂಡ ಕೂಡಲೇ ಎಲೆ ಹಿಡಿದು ನೋಡಲು ಹೋಯಿತು. ನಾನು ಓಡಿ ಹೋಗಿ ಕೈ ಹಿಡಿದೆ.

"ಮುಟ್ಟಬ್ಯಾಡ್ರಿ ಕಾಕಾ."

"ಯಾಕವ್ವಾ?"

ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಸ್ವಲ್ಪ ಹೊತ್ತು ಗಿಡಗಳನ್ನು ನೋಡುತ್ತಾ ನಿಂತರು. ಆಮೇಲೆ ಕೇಳಿದ್ದು ಒಂದೇ ಮಾತು. "ಇದರ ಬಿಲ್ಲು ಅದ ಏನು?"

ನಮ್ಮ ಕಡೆ ರೈತರು ಬೀಜ ತಂದರೆ ಬಿಲ್ಲು ಮತ್ತು ಖಾಲಿ ಚೀಲ ಎರಡನ್ನೂ ರಾಶಿ ಆಗುವವರೆಗೆ ಎತ್ತಿಡುತ್ತಾರೆ. ಚೀಲದ ಮೇಲೆ ಲಾಟ್ ನಂಬರ್ ಇರುತ್ತದೆ. ಬೀಜ ಕೈಕೊಟ್ಟರೆ ಅದನ್ನು ಹಿಡಿದುಕೊಂಡು ರೈತ ಸಂಪರ್ಕ ಕೇಂದ್ರಕ್ಕೆ ಹೋಗಬಹುದು, ದೂರು ಕೊಡಬಹುದು. ನನ್ನ ಹತ್ತಿರ ಏನಿತ್ತು? ಕಿವಿಯೋಲೆ ಎಂದು ಬರೆದ ಒಂದು ಕವರು. ಆ ಗಿಡಗಳಿಂದ ಕಾಕಾನ ಹೊಲಕ್ಕೆ ಏನಾದರೂ ಹೋಗಿದ್ದರೆ ಅವರು ಯಾರನ್ನು ಕೇಳಬೇಕಿತ್ತು? ನನ್ನ ಹವ್ಯಾಸಕ್ಕೆ ಅವರ ಒಂದು ವರ್ಷದ ದುಡಿಮೆ ಹೋಗುತ್ತಿತ್ತು. ಇದನ್ನು ಬರೆಯುವಾಗಲೂ ನನಗೆ ಕಷ್ಟ ಆಗುತ್ತಿದೆ.

ಕಾಕಾ ಸೋಪು ಹಚ್ಚಿ ಎರಡು ಸಲ ಕೈ ತೊಳೆದು ಹೋದರು. ನಾನು ಅವತ್ತೇ ಆರೂ ಗಿಡ ಕಿತ್ತು, ಚೀಲಕ್ಕೆ ಹಾಕಿ, ಒಣಗಿಸಿ ಸುಟ್ಟೆ. ಮಣ್ಣು ಮಾತ್ರ ಹಾಗೇ ಇದೆ. ಬೇರಿನ ಚೂರುಗಳಲ್ಲಿ ಈ ಜಾತಿಯ ವೈರಸ್ ತಿಂಗಳುಗಟ್ಟಲೆ ಬದುಕಿರುತ್ತದೆ. ಚೆಲ್ಲಿದರೆ ಎಲ್ಲಿ ಚೆಲ್ಲಲಿ? ತಾಡಪತ್ರಿ ಯಾಕೆ ಎಂದು ಈಗ ಗೊತ್ತಾಯಿತಲ್ಲ.

ಕಾನೂನು ಏನು ಹೇಳುತ್ತದೆ ಎಂದು ಆಮೇಲೆ ಸರಿಯಾಗಿ ತಿಳಿದುಕೊಂಡೆ. 2003ರ ಸಸ್ಯ ಕ್ವಾರಂಟೈನ್ ಆದೇಶ ಇದೆ. ಬಿತ್ತುವ ಬೀಜ ಹೊರಗಿನಿಂದ ತರಬೇಕಾದರೆ ಮೊದಲೇ ಆಮದು ಪರವಾನಗಿ ಬೇಕು. ಕಳಿಸುವ ದೇಶದ ಅಧಿಕಾರಿಗಳು ಕೊಟ್ಟ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು. ಅಂಚೆಯಲ್ಲಿ ಬಂದರೂ ಅಷ್ಟೇ, ಅಮೆರಿಕದಲ್ಲಿರುವ ಮಗಳು ಸೂಟ್‌ಕೇಸಿನಲ್ಲಿ ತಂದರೂ ಅಷ್ಟೇ.

"ಹತ್ತು ಬೀಜಕ್ಕೆ ಇಷ್ಟೆಲ್ಲಾನಾ" ಎಂದು ನನ್ನ ಗೆಳತಿ ಕೇಳಿದಳು. ಬೀದರ್ ಕಡೆಯಿಂದ ಹೈದರಾಬಾದಿಗೆ ಬಸ್ಸಿನಲ್ಲಿ ಹೋಗುವಾಗ ಪಟಾನ್‌ಚೆರು ಹತ್ತಿರ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಸಿಗುತ್ತದೆ. ನಮ್ಮ ಹೊಲಗಳಿಗೆ 1986ರಲ್ಲಿ ಬಂದ ಮಾರುತಿ ತೊಗರಿ, ನೆಟೆ ರೋಗ ತಡೆಯುವ ತಳಿ, ಅಲ್ಲಿನ ಕೆಲಸದ ಫಲ. ಅಷ್ಟು ದೊಡ್ಡ ಸಂಸ್ಥೆಗೆ ಹೊರದೇಶದಿಂದ ಒಂದು ಹಿಡಿ ಬೀಜ ಬಂದರೂ ಅದು ನೇರ ಹೊಲಕ್ಕೆ ಹೋಗುವುದಿಲ್ಲ. ಹೈದರಾಬಾದಿನ ಸರ್ಕಾರಿ ಕ್ವಾರಂಟೈನ್ ಕೇಂದ್ರದಲ್ಲಿ ಮೊದಲು ಪರೀಕ್ಷೆ. ಆಮೇಲೆ ಬೇರೆಯಾಗಿ ಇಟ್ಟ ಜಾಗದಲ್ಲಿ ಬೆಳೆಸಿ, ರೋಗ ಇಲ್ಲ ಎಂದು ನೋಡಿದ ಮೇಲೆ ಬಿಡುಗಡೆ. ಜೀವಮಾನವಿಡೀ ಬೀಜದ ಕೆಲಸ ಮಾಡಿದ ವಿಜ್ಞಾನಿಗಳೇ ಇಷ್ಟು ಕಾಯುತ್ತಾರೆ. ಗೆಳತಿಗೆ ಇದನ್ನೇ ಹೇಳಿದೆ.

ಇನ್ನೊಂದು ವಿಷಯ, ನೇರಳೆ ಟಮಾಟಿ ಹುಡುಕುವವರಿಗೆ. ಸಿಪ್ಪೆ ಮಾತ್ರ ನೇರಳೆ ಇರುವ ತಳಿಗಳು ಸಾಮಾನ್ಯ ತಳಿ ಸಂಕರದಿಂದ ಬಂದವು. ಒಳಗಿನ ತಿರುಳೂ ಕಡು ನೇರಳೆ ಇರುವುದು ಒಂದಿದೆ, 2024ರಿಂದ ಅಮೆರಿಕದಲ್ಲಿ ಮನೆ ತೋಟದವರಿಗೂ ಬೀಜ ಮಾರುತ್ತಿದ್ದಾರೆ. ಅದು ಬೇರೆ ಹೂಗಿಡದ ಜೀನ್ ಸೇರಿಸಿ ಮಾಡಿದ ಕುಲಾಂತರಿ. ಅನುಮತಿ ಇಲ್ಲದೆ ಇಲ್ಲಿ ಬೆಳೆಯುವುದು ಅಪರಾಧ. ದಯವಿಟ್ಟು ತರಿಸಬೇಡಿ.

ಹೊಸ ತಳಿ ಬೆಳೆಯುವ ಆಸೆ ತಪ್ಪು ಎಂದು ನಾನು ಹೇಳುವುದಿಲ್ಲ. ನನಗೆ ಈಗಲೂ ಆ ಆಸೆ ಇದೆ. ಟಮಾಟಿಯೇ ದಕ್ಷಿಣ ಅಮೆರಿಕದಿಂದ ಬಂದ ಗಿಡ. ಆದರೆ ಕದ್ದು ತರುವುದಕ್ಕಿಂತ ಒಳ್ಳೆಯ ದಾರಿ ಇರಬೇಕು. ಬೀದರ್‌ನ ಹಳ್ಳದಕೇರಿಯಲ್ಲಿ ತೋಟಗಾರಿಕೆ ಕಾಲೇಜು ಇದೆ. ಇಂಥ ಸಂಸ್ಥೆಗಳು ನಾಲ್ಕೈದು ಹೊರಗಿನ ತಳಿಗಳನ್ನು ಕಾನೂನಿನ ಪ್ರಕಾರ ತರಿಸಿ, ನಮ್ಮ ಬಿಸಿಲಿಗೆ ತಾಳುತ್ತವೆಯೇ ನೋಡಿ, ನಮ್ಮಂಥವರಿಗೆ ಬೀಜ ಮಾರಬೇಕು. ನಾನು ಈ ಬಗ್ಗೆ ಅರ್ಜಿ ಬರೆಯುತ್ತಿದ್ದೇನೆ. ಜೊತೆಗೆ ಸಹಿ ಹಾಕುವವರು ಬೇಕು.

ಅಲ್ಲಿಯವರೆಗೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಬೀಜ ಆನ್‌ಲೈನ್‌ನಲ್ಲೇ ಸಿಗುತ್ತದೆ. ಅರ್ಕಾ ರಕ್ಷಕ್ ಹೈಬ್ರಿಡ್, ಮುಟುರು, ಸೊರಗು, ಅಂಗಮಾರಿ ಮೂರನ್ನೂ ತಡೆಯುತ್ತದೆ. ಬೀಜ ಉಳಿಸಿಕೊಳ್ಳಬೇಕು ಅನ್ನುವವರಿಗೆ ಅರ್ಕಾ ವಿಕಾಸ್ ಒಳ್ಳೆಯದು, ಅದು ಹೈಬ್ರಿಡ್ ಅಲ್ಲ.

ಹೋದ ವಾರ ಕಾಕಾ ಮತ್ತೆ ಬಂದಿದ್ದರು. ಪೇಪರಿನಲ್ಲಿ ಬೂದಿ ಕಲಸಿದ ಜವಾರಿ ಟಮಾಟಿ ಬೀಜ ಕೊಟ್ಟರು. ಸಣ್ಣ, ಗೀರು ಗೀರಾದ ಹಣ್ಣಿನದು, ಸಾರಿಗೆ ಹಾಕಿದರೆ ಹುಣಸೆ ಬೇಡ. ಹೊಸ ಚೀಲ, ಹೊಸ ಮಣ್ಣು, ಹಳೇ ಕುಂಡಗಳಿಂದ ದೂರ, ಕೆಳಗೆ ಅಂಗಳದಲ್ಲಿ ಹಾಕಿದ್ದೇನೆ. ನಿನ್ನೆ ಎಣಿಸಿದೆ, ನಲವತ್ತು ಸಸಿ ಎದ್ದಿವೆ. ನನಗೆ ಹತ್ತು ಸಾಕು. ಕಲಬುರಗಿಯಲ್ಲಿ ಇರುವವರು ಮೆಸೇಜ್ ಮಾಡಿ, ಇನ್ನು ಮೂರು ವಾರಕ್ಕೆ ಕೀಳಲು ಬರುತ್ತವೆ.